ತಗಡು ಕೆಲಸಕ್ಕೂ ಒಂದು ಹೆಸರು ಕೊಡಿಸಿ: ಕೊಪ್ಪಳ ಕ್ಷೇತ್ರದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ಕೊಪ್ಪಳ, ಗಂಗಾವತಿ, ಕುಷ್ಟಗಿ ಅಷ್ಟೇ ಅಲ್ಲ, ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೂ ನಿಮ್ಮ ಕ್ಷೇತ್ರಕ್ಕೇ ಸೇರಿವೆ. ಈ ಊರುಗಳಲ್ಲಿ ಟ್ರಂಕು, ಕಾಳಿನ ಡ್ರಮ್ಮು, ಹೊಗೆ ಕೊಳವೆ, ಅಕ್ಕಿ ಗಿರಣಿಯ ಹಾಪರ್ (ಕಾಳು ಸುರಿಯುವ ದೊಡ್ಡ ಲಾಳಿಕೆ) ಮಾಡುವ ತಗಡು ಕೆಲಸದವರು ನಾವು. ಕೈಕಸುಬಿನವರಿಗೆ ತರಬೇತಿ, ಉಪಕರಣ, ಸಾಲ ಕೊಡುವ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ ಕಸುಬುಗಳ ಪಟ್ಟಿಗೆ ತಗಡು ಕೆಲಸವನ್ನು ಸೇರಿಸಬೇಕೆಂದು ನೀವು ಲೋಕಸಭೆಯಲ್ಲಿ ಕೇಳಬೇಕು. ಈ ಪತ್ರ ಅದಕ್ಕಾಗಿ.

2023ರ ಸೆಪ್ಟೆಂಬರ್ 17ರಂದು ಶುರುವಾದ ಆ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗರಿದ್ದಾರೆ. ಬೀಗ ಮಾಡುವವರು, ದೋಣಿ ಕಟ್ಟುವವರು, ಮೀನಿನ ಬಲೆ ಹೆಣೆಯುವವರೂ ಇದ್ದಾರೆ. ಬೊಂಬೆ ಮಾಡುವವರಿಗೂ ಜಾಗವಿದೆ, ನಮ್ಮ ಕಿನ್ನಾಳದವರ ಮಟ್ಟಿಗೆ ಅದು ಸಂತೋಷದ ವಿಷಯ. ತಗಡು ಕೆಲಸ ಮಾತ್ರ ಎಲ್ಲೂ ಇಲ್ಲ. ಅರ್ಜಿ ಹಾಕಲು ಹೋದರೆ ‘ಕಮ್ಮಾರ ಅಂತ ಬರೆಸಿಬಿಡ್ರಿ, ಎರಡೂ ಕಬ್ಬಿಣಾನೇ ಅಲ್ಲೇನು’ ಎನ್ನುತ್ತಾರೆ.

ಎರಡೂ ಕಬ್ಬಿಣವೇ, ಕೆಲಸ ಮಾತ್ರ ಬೇರೆ. ಕಮ್ಮಾರರು ದಪ್ಪ ಕಬ್ಬಿಣವನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿಯುತ್ತಾರೆ. ನಾವು ಬಡಿಯುವುದು ತಣ್ಣನೆಯ ತಗಡನ್ನು. ಹೆಚ್ಚಾಗಿ ಬಳಸುವ 24 ಗೇಜಿನ ಪತ್ರಾಸಿನ (ತಗಡಿನ ಹಾಳೆಯ) ದಪ್ಪ ಸುಮಾರು 0.6 ಮಿ.ಮೀ., ಮೇಲೆ ಸತುವಿನ ಲೇಪ. ಅದನ್ನು ಬೆಂಕಿಗೆ ಹಿಡಿದರೆ ಸತುವು ಸುಟ್ಟು ಬಿಳಿ ಹೊಗೆ ಏಳುತ್ತದೆ. ಆ ಹೊಗೆ ಕುಡಿದವನಿಗೆ ಸಂಜೆ ಹೊತ್ತಿಗೆ ಚಳಿಜ್ವರ, ಲೇಪ ಹೋದ ಜಾಗಕ್ಕೆ ತುಕ್ಕು. ತಾಮ್ರದ ಕೊಡ ಬಡಿಯುವವರು ಕಾಯಿಸುತ್ತಾರಲ್ಲ ಎಂದರೆ, ಏಟು ತಿಂದು ಬಿರುಸಾದ ತಾಮ್ರವನ್ನು ಮೆತ್ತಗೆ ಮಾಡುವುದಕ್ಕಷ್ಟೇ ಆ ಬೆಂಕಿ. ಬಡಿಯುವುದು ಮತ್ತೆ ತಣ್ಣಗಾದ ಮೇಲೆಯೇ.

ಏಟಿನ ಲೆಕ್ಕವೂ ಬೇರೆ. ಉಕ್ಕಿನ ಸುತ್ತಿಗೆಯಿಂದ ಅಡಿಗಲ್ಲಿನ ಮೇಲೆ ಹೊಡೆದರೆ ತಗಡು ತೆಳುವಾಗಿ ಹರಡಿಕೊಳ್ಳುತ್ತದೆ. ಮರದ ಕೊಡತಿಯಿಂದ ಹೊಡೆದರೆ ಹೆಚ್ಚು ಹರಡದೆ ಬಾಗುತ್ತದೆ. ಟ್ರಂಕಿನ ಮುಚ್ಚಳ ಒತ್ತಿದಾಗ ‘ಡಬಕ್’ ಎಂದು ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆಯಲ್ಲ, ಅದಕ್ಕೆ ಕಾರಣ ನಡುಭಾಗ ಅಂಚಿಗಿಂತ ಜಾಸ್ತಿ ಹಿಗ್ಗಿರುವುದು. ಹೊಸಬರು ಉಬ್ಬಿದ ಜಾಗಕ್ಕೇ ಮತ್ತೆ ಬಡಿದು ಇನ್ನಷ್ಟು ಹಿಗ್ಗಿಸುತ್ತಾರೆ. ಬಲ್ಲವರು ಅದನ್ನು ಮುಟ್ಟದೆ ಸುತ್ತಲಿನ ಭಾಗವನ್ನು ಹಗುರ ಏಟಿನಿಂದ ಹಿಗ್ಗಿಸಿ ಸಮಕ್ಕೆ ತರುತ್ತಾರೆ.

ಎರಡು ಅಂಚುಗಳನ್ನು ಕೊಕ್ಕೆಯಂತೆ ಮಡಿಸಿ ಒಂದಕ್ಕೊಂದು ಸಿಕ್ಕಿಸುವ ಮಡಿಕೆ ಜೋಡಣೆಯನ್ನೇ ನೋಡಿ. 200 ಮಿ.ಮೀ. ಒಳವ್ಯಾಸದ ಡಬ್ಬಕ್ಕೆ 24 ಗೇಜಿನ ತಗಡು ಸುತ್ತಲು 630 ಮಿ.ಮೀ. ಬೇಕು. 6 ಮಿ.ಮೀ. ಅಗಲದ ಮಡಿಕೆಗೆ ಅದರ ಮೂರರಷ್ಟು, ಅಂದರೆ 18 ಮಿ.ಮೀ. ಸೇರಿಸಿ 648ಕ್ಕೆ ಕತ್ತರಿಸಬೇಕು. ಎರಡು ಅಂಚು ಇವೆಯಲ್ಲ ಎಂದು 12 ಮಾತ್ರ ಸೇರಿಸಿದವನ ಡಬ್ಬ ಸುತ್ತಳತೆಯಲ್ಲಿ 6, ವ್ಯಾಸದಲ್ಲಿ ಹತ್ತಿರ ಹತ್ತಿರ 2 ಮಿ.ಮೀ. ಕಿರಿದಾಗುತ್ತದೆ. ಕತ್ತರಿಸಿಟ್ಟ ತಳ ಕೂರುವುದಿಲ್ಲ. ಅಂಚು ಮಡಿಸುವಾಗ ಪೂರ್ತಿ ಚಪ್ಪಟೆ ಒತ್ತಿದರೆ ಒಂದು ಕೊಕ್ಕೆಗೆ ಇನ್ನೊಂದು ಸಿಗುವುದಿಲ್ಲ, ತೀರಾ ತೆರೆದಿಟ್ಟರೆ ಜಾರುತ್ತದೆ. ಕೊಕ್ಕೆಗಳನ್ನು ಸಿಕ್ಕಿಸಿದ ಮೇಲೆ ಗ್ರೂವರ್ (ಮಡಿಕೆ ಕಚ್ಚಿಸುವ ಉಪಕರಣ) ಇಟ್ಟು ಮೊದಲು ಎರಡು ತುದಿ ಕಚ್ಚಿಸಿ, ಆಮೇಲೆ ನಡುವೆ ಹೊಡೆಯಬೇಕು. ಒಂದೇ ತುದಿಯಿಂದ ಹೊಡೆಯುತ್ತ ಹೋದರೆ ತಗಡು ಸರಿದು ಡಬ್ಬದ ಬಾಯಿ ಸೊಟ್ಟಗಾಗುತ್ತದೆ.

ನೀರು ತುಂಬುವ ಡಬ್ಬವಾದರೆ ಮಡಿಕೆಯ ಮೇಲೆ ತವರ-ಸೀಸದ ಬೆಸುಗೆ ಎಳೆಯುತ್ತೇವೆ. ಕುಡಿಯುವ ನೀರಿಗೆ ಸೀಸ ಸಲ್ಲದು, ಬರೀ ತವರ ಆಗಬೇಕು. ಬಾಯಿಯ ಅಂಚಿಗೆ 4 ಮಿ.ಮೀ. ತಂತಿ ಸುತ್ತಬೇಕಾದರೆ ತಂತಿಯ ಎರಡೂವರೆ ಪಟ್ಟು, ಅಂದರೆ 10 ಮಿ.ಮೀ. ಬಿಟ್ಟುಕೊಳ್ಳುತ್ತೇವೆ.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಅಕ್ಕಿ ಗಿರಣಿಗಳು ನಿಮಗೆ ಗೊತ್ತೇ ಇವೆ. ಅಲ್ಲಿನ ಹಾಪರ್ ಮೇಲೆ ಚೌಕ, ಕೆಳಗೆ ದುಂಡು. ಹಳೆ ಯಂತ್ರದ ಕೆಳಗೆ ಉಳಿದಿರುವ ಸಂದಿಗೆ ತಕ್ಕ ಹಾಗೆ ಒಂದೇ ಒಂದು ಬೇಕಾಗಿರುತ್ತದೆ. ಅದಕ್ಕೇ ಗಿರಣಿಯವರು ಅಳತೆ ಪಟ್ಟಿ ಹಿಡಿದು ನಮ್ಮನ್ನು ಕರೆಯುವುದು. ಮೇಲಿನ ಚೌಕ 600, ಕೆಳಗಿನ ಬಾಯಿಯ ವ್ಯಾಸ 200, ಎತ್ತರ 400 ಮಿ.ಮೀ. ಎಂದುಕೊಳ್ಳಿ. ನೆಲದ ಮೇಲೆ ಚೌಕ ಬರೆದು, ನಡುವಿನ ವೃತ್ತವನ್ನು 12 ಪಾಲು ಮಾಡಿ, ಪ್ರತಿ ಮೂಲೆಯಿಂದ ಹತ್ತಿರದ ನಾಲ್ಕು ಬಿಂದುಗಳಿಗೆ ಗೆರೆ ಎಳೆಯುತ್ತೇವೆ. ಹೊರಗಿನ ಎರಡು ಗೆರೆ 361, ಒಳಗಿನ ಎರಡು 329 ಬರುತ್ತವೆ. ತಗಡಿಗೆ ಈ ಅಳತೆ ಹಾಕಿದರೆ ಕೆಟ್ಟ ಹಾಗೆಯೇ, ಏಕೆಂದರೆ ತಗಡು ಇಳಿಜಾರಾಗಿ ನಿಲ್ಲುತ್ತದೆ. ಮೂಲೆಮಟ್ಟದ ಒಂದು ಬದಿಗೆ 400, ಇನ್ನೊಂದು ಬದಿಗೆ ನೆಲದ ಅಳತೆ ಹಿಡಿದು ಓರೆಯಲ್ಲಿ ಅಳೆದಾಗ ನಿಜವಾದ ಉದ್ದ ಸಿಗುತ್ತದೆ: 539 ಮತ್ತು 518. ಇವನ್ನು ಡಿವೈಡರ್‌ನಲ್ಲಿ ಹಿಡಿದು ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತ ತಗಡಿನ ಮೇಲೆ ಫರ್ಮಾ (ಕತ್ತರಿಸಬೇಕಾದ ಆಕಾರ) ಬಿಡಿಸುತ್ತೇವೆ.

ಈ ಹಾಪರಿನ ಬದಿಯ ಇಳಿಜಾರು 63 ಡಿಗ್ರಿ, ಮೂಲೆಯದು 51. ತಗಡು ಉಳಿಸಲು ಹೋಗಿ ಎತ್ತರವನ್ನು 250ಕ್ಕೆ ಇಳಿಸಿದರೆ ಬದಿ 51 ಡಿಗ್ರಿ ಇದ್ದು ಚೆನ್ನಾಗಿಯೇ ಕಾಣುತ್ತದೆ, ಮೂಲೆ ಮಾತ್ರ 38ಕ್ಕೆ ಬೀಳುತ್ತದೆ. ಹಸಿ ಭತ್ತ, ತೌಡು ಅಲ್ಲೇ ಕಚ್ಚಿಕೊಳ್ಳುತ್ತವೆ. ಆಮೇಲೆ ಗಿರಣಿಯ ಹುಡುಗರು ಕೋಲಿನಿಂದ ಹಾಪರ್ ಬಡಿಯುತ್ತ ನಿಲ್ಲಬೇಕು. ಹಾಪರಿಗೆ ತಗ್ಗು ಬೀಳುವುದೂ ಹಾಗೆಯೇ.

ಈಗ ಯೋಜನೆಯ ಮಾತು. ಉಪಕರಣಕ್ಕೆ 15,000 ರೂಪಾಯಿಯ ಇ-ವೋಚರ್, 5ರಿಂದ 7 ದಿನದ ಮೂಲ ತರಬೇತಿ, ಬೇಕಾದವರಿಗೆ 15 ದಿನದ ಮುಂದಿನ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಕಮ್ಮಾರರೆಂದು ಸುಳ್ಳು ಬರೆಸಿದರೆ ಇದರಲ್ಲಿ ಸಾಲವೊಂದು ಹೇಗೋ ಉಪಯೋಗಕ್ಕೆ ಬಂದೀತು. ಕುಲುಮೆಯ ತರಬೇತಿಯಿಂದ ನಮಗೇನಾಗಬೇಕು? ಪರಿಶೀಲನೆಗೆ ಬಂದವರು ‘ನಿಮ್ಮ ಕುಲುಮೆ ಎಲ್ಲಿ’ ಎಂದು ಕೇಳಿದರೆ ಏನನ್ನು ತೋರಿಸುವುದು?

ನಮ್ಮ ಪೆಟ್ಟಿಗೆಯಲ್ಲಿ ಇರಬೇಕಾದ್ದು ಬೇರೆ: ನೇರ ಮತ್ತು ಬಾಗಿದ ಬಾಯಿಯ ಒಂದೊಂದು ಕತ್ತರಿ, ಚಪ್ಪಟೆ ಮತ್ತು ಗುಂಡು ಮುಖದ ಎರಡು ಕೊಡತಿ, ಅಂಚು ಕೂರಿಸುವ ಸುತ್ತಿಗೆ, ಮೂರು ಅಳತೆಯ ಗ್ರೂವರ್, ಚಪ್ಪಟೆ ಹಾಗೂ ದುಂಡು ಸ್ಟೇಕುಗಳು (ತಗಡನ್ನು ಮೇಲಿಟ್ಟು ಬಡಿಯುವ ಆಸರೆಗಳು), ಡಿವೈಡರ್, ಮೂಲೆಮಟ್ಟ, ರಿವೆಟ್ ಸೆಟ್, ತಾಮ್ರದ ಬೆಸುಗೆ ಕೋಲು, ಗೇಜ್ ತಟ್ಟೆ. ಉಳಿದದ್ದರಲ್ಲಿ ಹೆಚ್ಚುಕಮ್ಮಿ ಆದರೂ ನಡೆದೀತು, ಕತ್ತರಿ ಮಾತ್ರ ಅಗ್ಗದ್ದು ಬೇಡ. ಅದರ ನಡುವಿನ ಮೊಳೆ ಸಡಿಲವಾದರೆ ತಗಡು ತುಂಡಾಗದೆ ಎರಡು ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ತರಬೇತಿಯ ಮೊದಲ ಐದು ದಿನ ಮಡಿಕೆ, ತಂತಿ ಅಂಚು, ಬೆಸುಗೆಗೆ ಸಾಕು. ಫರ್ಮಾ ಬಿಡಿಸುವುದನ್ನು ಆ ಐದು ದಿನದಲ್ಲೇ ತುರುಕಬಾರದು, ಅದಕ್ಕೆ 15 ದಿನವೂ ಬೇಕು.

ಪಟ್ಟಿ ಬದಲಿಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ, ಈ 18 ಕಸುಬುಗಳನ್ನು ‘ಮೊದಲ ಹಂತದಲ್ಲಿ’ ಸೇರಿಸಲಾಗಿದೆ ಎಂದು ಕೇಂದ್ರ ಸರ್ಕಾರವೇ ಹೇಳಿರುವುದನ್ನು ನೆನಪಿಸಿ. ಯೋಜನೆಯ ಅವಧಿ 2027-28ರವರೆಗೆ. ಕೇಳಬೇಕಾದ್ದು ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಸಚಿವಾಲಯವನ್ನು.

ಕೈಕೆಲಸ ಬಲ್ಲವರು ಯಾರೆಂದು ಗುರುತಿಸುವುದು ಹೇಗೆ ಎಂದು ಅಧಿಕಾರಿಗಳು ಕೇಳಬಹುದು. ಅರ್ಜಿದಾರರ ಕೈಗೆ ಒಂದು ತುಂಡು 24 ಗೇಜ್ ತಗಡು ಕೊಟ್ಟು ಮೇಲೆ ಹೇಳಿದ ಡಬ್ಬ ಮಾಡಿಸಲಿ. ನೀರು ತುಂಬಿ ಒಣ ಕಾಗದದ ಮೇಲೆ ಇಟ್ಟು ಒಂದು ತಾಸು ಬಿಟ್ಟು ಎತ್ತಿ ನೋಡಲಿ. ನೀವು ಗಂಗಾವತಿಗೆ ಬರುವ ದಿನ ತಿಳಿಸಿದರೆ ತಗಡು, ಕತ್ತರಿ, ಕೊಡತಿ ಸಿದ್ಧ ಇಟ್ಟಿರುತ್ತೇವೆ. ಅಧಿಕಾರಿಗಳನ್ನೂ ಕರೆದುಕೊಂಡು ಬನ್ನಿ. ಕತ್ತರಿಸಿದ ಅಂಚನ್ನು ಬರಿಗೈಲಿ ಮುಟ್ಟಬೇಡಿರೆಂದು ಮೊದಲೇ ಹೇಳಿರಿ.

ಇಂತಿ,
ಗಂಗಾವತಿ, ಸಿಂಧನೂರು, ಸಿರುಗುಪ್ಪದ ತಗಡು ಕೆಲಸದವರು