ಮೊಮ್ಮಗಳ ಪೊಟ್ಟಣಕ್ಕೆ ಅಜ್ಜಿಯ ಮುಖ ಸಾಲದೇ? ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮಹಿಳಾ ಮತ್ತು ಬಾಲವಿಕಾಸ ಸಚಿವರಿಗೆ,
ಮಹಾರಾಷ್ಟ್ರ ಸರ್ಕಾರ, ಮುಂಬಯಿ.

ಮಾನ್ಯರೇ,

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಗಡಿಹಳ್ಳಿಯೊಂದರಿಂದ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದುದಕ್ಕೆ ಬೇಸರಿಸಬಾರದು. ಮೊಮ್ಮಗಳ ಅಂಗನವಾಡಿ ಆಹಾರದ ಬಗ್ಗೆ ಮರಾಠಿಯಲ್ಲಿ ಎರಡು ಅರ್ಜಿ ಕೊಟ್ಟಾಗಿದೆ, ಅವಕ್ಕೆ ಯಾವ ಭಾಷೆಯಲ್ಲೂ ಉತ್ತರ ಬಂದಿಲ್ಲ.

ದೀಪಾವಳಿ ಕಳೆಯುತ್ತಲೇ ನಮ್ಮ ಭಾಗದ ಎಷ್ಟು ಮನೆಗಳಿಗೆ ಬೀಗ ಬೀಳುತ್ತದೆಂಬುದು ತಮಗೆ ತಿಳಿದದ್ದೇ. ಕೂಲಿ ಗುತ್ತಿಗೆದಾರನಾದ ಮುಕಾದಮನಿಂದ ಉಚಲ, ಅಂದರೆ ಮುಂಗಡ ಹಣ, ಪಡೆದು ಕಬ್ಬು ಕಡಿಯಲು ಹೋದ ಗಂಡ-ಹೆಂಡತಿ ಮರಳುವುದು ಯುಗಾದಿಯ ಹೊತ್ತಿಗೆ. ನನ್ನ ಮಗ-ಸೊಸೆಯೂ ಹೋಗಿದ್ದಾರೆ. ಎರಡು ವರ್ಷದ ಮೊಮ್ಮಗಳು ಕಬ್ಬಿನ ಫಡದ ಬದಿಯ ಕೊಪ್ಪಿಯಲ್ಲಿ, ಅಂದರೆ ಗುಡಿಸಲಲ್ಲಿ, ಚಳಿಗೆ ನಡುಗುವುದು ಬೇಡವೆಂದು ನಾವು ಮುದುಕರಿಬ್ಬರು ಅವಳನ್ನು ಇಟ್ಟುಕೊಂಡಿದ್ದೇವೆ.

ಕಳೆದ ತಿಂಗಳು ಮಗುವಿನ ಆಹಾರದ ಪೊಟ್ಟಣಕ್ಕಾಗಿ ಅಂಗನವಾಡಿಗೆ ಹೋದಾಗ ಸೇವಿಕೆ ನನ್ನ ಹೆಂಡತಿಯ ಮುಖಕ್ಕೆ ಮೊಬೈಲ್ ಹಿಡಿದು ಕಣ್ಣು ಮಿಟುಕಿಸಲು ಹೇಳಿದರು. ಅವಳು ಮಿಟುಕಿಸಿದಳು. ಮುಖ ಹೊಂದಲಿಲ್ಲ. ಹೊಂದುವುದಾದರೂ ಹೇಗೆ? ನೋಂದಣಿಯಾಗಿರುವುದು ಸೊಸೆಯ ಮುಖ; ಆ ಮುಖ ಆ ಹೊತ್ತಿಗೆ ಯಾರದೋ ಕಬ್ಬಿನ ನಡುವೆ ಬೆವರುತ್ತಿತ್ತು. ಪೊಟ್ಟಣಗಳು ನಮ್ಮ ಕಣ್ಣೆದುರಿಗೇ ಮೂಲೆಯಲ್ಲಿದ್ದವು. ಸೇವಿಕೆಯನ್ನು ದೂರುವುದಿಲ್ಲ, ಮುಖ ಹೊಂದದೆ ಕೊಟ್ಟರೆ ಲೆಕ್ಕ ಅವರ ತಲೆಗೆ ಬರುತ್ತದೆ. ಅವರೇ ಮಗುವಿನ ತೋಳಿಗೆ ಅಪೌಷ್ಟಿಕತೆ ಅಳೆಯುವ ಪಟ್ಟಿ ಸುತ್ತಿದರು: 12 ಸೆಂಟಿಮೀಟರ್, ಹಳದಿ ಬಣ್ಣ. ಹನ್ನೊಂದೂವರೆಗಿಂತ ಇಳಿದರೆ ಕೆಂಪು, ಆಗ ಆಸ್ಪತ್ರೆಗೆ ಒಯ್ಯಿರಿ ಎಂದರು. ಕೆಂಪಾಗುವವರೆಗೆ ಕಾಯಬೇಕೆಂಬ ನಿಯಮವಿದ್ದರೆ ತಿಳಿಸಿ, ಕಾಯುತ್ತೇವೆ.

ಮೂರು ಸಲ ಹೋದೆವು, ಮೂರು ಸಲವೂ ಬರಿಗೈ. ಮೇಲಿನ ಕಚೇರಿಯಲ್ಲಿ ವಿಚಾರಿಸಿದರೆ, ತಾಯಿ ವಲಸೆ ಹೋದಲ್ಲಿಗೆ ಹೆಸರು ವರ್ಗಾಯಿಸಿಕೊಳ್ಳಿ ಎಂದರು. ಮಗು ಇಲ್ಲಿ, ಪೊಟ್ಟಣ ಅಲ್ಲಿ! ಬುದ್ಧಿವಂತಿಕೆಗೆ ಕೈಮುಗಿಯಬೇಕು.

2013ರ ಆಹಾರ ಭದ್ರತಾ ಕಾಯ್ದೆಯು ಆರು ತಿಂಗಳಿಂದ ಆರು ವರ್ಷದವರೆಗಿನ ಪ್ರತಿ ಮಗುವಿಗೂ ಅಂಗನವಾಡಿಯ ಮೂಲಕ ಉಚಿತ ಆಹಾರದ ಹಕ್ಕು ಕೊಟ್ಟಿರುವುದನ್ನು ತಮಗೆ ನಾನು ಹೇಳಿಕೊಡಬೇಕಿಲ್ಲ. ಹಕ್ಕು ಮಗುವಿನದು, ಮೊಬೈಲಿಗೆ ಬೇಕಾಗಿರುವುದು ಮಾತ್ರ ತಾಯಿಯ ಮುಖ. 2025ರ ಜುಲೈನಿಂದ ಈ ಮುಖಪರೀಕ್ಷೆ ಕಡ್ಡಾಯವಾಯಿತು. ಅದು ದಿಲ್ಲಿಯ ಕೇಂದ್ರ ಸರ್ಕಾರದ ಆ್ಯಪ್ ಎನ್ನುವಿರಾದರೆ, ದಿಲ್ಲಿಗೆ ಬರೆಯುವುದು ತಮ್ಮ ಕೆಲಸವೇ ಹೊರತು ನನ್ನದಲ್ಲ.

ದೇಶದ ರಾಜ್ಯಗಳಲ್ಲೇ ಅತಿ ದೊಡ್ಡ ಆರ್ಥಿಕತೆ ನಮ್ಮದೆಂದು ಭಾಷಣಗಳಲ್ಲಿ ಕೇಳುತ್ತೇವೆ, ಸಂತೋಷವೇ. ಅದೇ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ಒಂದು ಮಗುವಿನ ದಿನದ ಪೂರಕ ಆಹಾರಕ್ಕೆ 2017ರಲ್ಲಿ ನಿಗದಿಯಾದದ್ದು 8 ರೂಪಾಯಿ. ಆ 8 ರೂಪಾಯಿಯ ಕಾವಲಿಗೆ ಇಷ್ಟೊಂದು ಯಂತ್ರ!

ಕೇಳುವುದು ಒಂದೇ: ಮಗುವನ್ನು ಸಾಕುತ್ತಿರುವ ಅಜ್ಜಿಯ ಮುಖವನ್ನು ನೋಂದಾಯಿಸಿಕೊಳ್ಳಲಿ. ಅದಾಗುವವರೆಗೆ ಸಹಿ ಪಡೆದು ಪೊಟ್ಟಣ ಕೊಡಲಿ. ಹೆಬ್ಬೆಟ್ಟಾದರೂ ಸರಿ, ಪೊಟ್ಟಣ ಕೊಡಲಿ. ಮುಂದಿನ ತಿಂಗಳು ಮತ್ತೆ ತೋಳಿಗೆ ಪಟ್ಟಿ ಸುತ್ತುತ್ತಾರೆ. ಅದಕ್ಕೆ ಮೊದಲು ತಮ್ಮ ಆದೇಶ ನಮ್ಮ ಊರಿಗೆ ಬರಲಿ.

ಇಂತು,
ಜತ್ತ ತಾಲ್ಲೂಕಿನ ಒಬ್ಬ ಅಜ್ಜ