ಟೆಂಟ್ ಕಟ್ಟುವಾಗಲೂ ತಪಾಸಣೆ ನಡೆಯಲಿ

ಮಾನ್ಯರೇ,

ಮದುವೆ, ಜಾತ್ರೆ, ಸಮ್ಮೇಳನಗಳಿಗೆ ಈಗ ಅಲ್ಯೂಮಿನಿಯಂ ಚೌಕಟ್ಟಿನ ದೊಡ್ಡ ಜರ್ಮನ್ ಟೆಂಟ್‌ಗಳನ್ನು ಹಾಕುವುದು ಸಾಮಾನ್ಯವಾಗಿದೆ. 2019ರ ಜೂನ್‌ನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರಾಮಕಥೆಯ ಪೆಂಡಾಲ್ ಬಿರುಗಾಳಿಗೆ ಕುಸಿದು ಹತ್ತಕ್ಕೂ ಹೆಚ್ಚು ಜನ ಸತ್ತ ಮೇಲಾದರೂ ನಾವು ಎಚ್ಚೆತ್ತುಕೊಳ್ಳಬೇಕಿತ್ತು.

ಇಂಥ ಟೆಂಟ್ ಅತ್ಯಂತ ದುರ್ಬಲವಾಗಿರುವುದು ಅರ್ಧ ಕಟ್ಟಿದಾಗ, ಅಂದರೆ ಅದರ ಕೆಳಗೆ ಕೂಲಿಯವರು ಮಾತ್ರ ಇರುವಾಗ. ಎತ್ತಿ ನಿಲ್ಲಿಸಿದ ಕಮಾನುಗಳನ್ನು ತಾತ್ಕಾಲಿಕ ಹಗ್ಗಗಳಿಂದ ಬಿಗಿದು, ಅಡಿಯ ಪ್ಲೇಟ್‌ಗಳಿಗೆ ಗೂಟ ಹೊಡೆದು, ಮೊದಲ ಎರಡು ಕಮಾನುಗಳ ನಡುವೆ ಓರೆಯಾಗಿ ಉಕ್ಕಿನ ತಂತಿ ಎಳೆದ ಬಳಿಕವೇ ಮುಂದಿನದಕ್ಕೆ ಕೈಹಾಕಬೇಕು. ಆದರೆ ಮರುದಿನದ ಮುಹೂರ್ತದ ಒತ್ತಡದಲ್ಲಿ (ಮುಹೂರ್ತವನ್ನು ಯಾರೂ ಮುಂದೂಡರು!) ಈ ಕ್ರಮ ತಪ್ಪುತ್ತದೆ. ಆಧಾರ ಬಿಗಿಯುವ ಮೊದಲೇ ಹೊದಿಕೆ ಎಳೆದರೆ ಗಾಳಿ ಅದನ್ನು ಹಾಯಿಯಂತೆ ತುಂಬಿಕೊಂಡು ಇಡೀ ಚೌಕಟ್ಟನ್ನೇ ಕೀಳಬಲ್ಲದು. ಸಡಿಲ ಮಣ್ಣಿನಲ್ಲಿ ಗೂಟ ನಿಲ್ಲದು. ಅಲ್ಲಿ ಕಾಂಕ್ರೀಟ್ ತೂಕಗಳೇ ಬೇಕು. ಉದ್ದನೆಯ ಲೋಹದ ಕಂಬ ಎತ್ತುವಲ್ಲಿ ಮೇಲೆ ವಿದ್ಯುತ್ ತಂತಿ ಹಾದುಹೋಗಿರಬಾರದು.

ಹೊದಿಕೆ ಹಾಕುವ ಮುನ್ನ ಎಂಜಿನಿಯರ್ ಒಬ್ಬರು ಚೌಕಟ್ಟನ್ನು ಪರಿಶೀಲಿಸಿ ಸಹಿ ಹಾಕುವುದನ್ನೂ, ಎತ್ತರದಲ್ಲಿ ದುಡಿಯುವವರಿಗೆ ಹೆಲ್ಮೆಟ್ ಹಾಗೂ ಸುರಕ್ಷತಾ ಬೆಲ್ಟ್ ಒದಗಿಸುವುದನ್ನೂ ಸ್ಥಳೀಯ ಆಡಳಿತವು ಅನುಮತಿಯ ಷರತ್ತಾಗಿಸಬೇಕು.

– ಓದುಗ, ದಾವಣಗೆರೆ