ಡ್ರೈಯರಿನ ಗಡಗಡ ನಿಂತಿತು, ಅಪ್ಪ

ಮಿನ್ನೆಸೋಟ, ಅಮೆರಿಕ, ಜನವರಿ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳ ಸಾಷ್ಟಾಂಗ ನಮಸ್ಕಾರಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಅವ್ವನ ಮೊಣಕಾಲು ನೋವು ಈಗ ಹೇಗಿದೆ, ತಿಳಿಸಿ.

ರವಿವಾರ ಫೋನಿನಲ್ಲಿ ನನ್ನ ಮಾತಿಗಿಂತ ಹಿಂದಿನ ಸದ್ದಿಗೇ ನೀವು ಹೆಚ್ಚು ಕಿವಿಗೊಟ್ಟಿರಿ. ‘ಬೇರಿಂಗ್ ಹೋಗಿದೆ, ಮೊದಲು ಅದನ್ನು ನಿಲ್ಲಿಸು’ ಎಂದು ಗದರಿಸಿ ಫೋನ್ ಇಟ್ಟಿರಿ. ಅದು ಬಟ್ಟೆ ಒಣಗಿಸುವ ಡ್ರೈಯರ್. ಅವ್ವ ಮಾಳಿಗೆಯ ಮೇಲೆ ಸೀರೆ ಹರವಿದರೆ ಕಪ್ಪತಗುಡ್ಡದ ಕಡೆಯ ಗಾಳಿಗೆ ನೋಡುನೋಡುತ್ತಲೇ ಒಣಗಿಬಿಡುತ್ತದೆ. ಇಲ್ಲಿ ಈ ತಿಂಗಳು ಹೊರಗೆ ಹಾಕಿದ ಒದ್ದೆ ಅಂಗಿ ಹೆಪ್ಪುಗಟ್ಟಿ ಹಲಗೆಯಾಗುತ್ತದೆ. ಬೇಸಿಗೆಯಲ್ಲಾದರೂ ಹಗ್ಗ ಕಟ್ಟೋಣವೆಂದರೆ ಈ ದೇಶದ ಎಷ್ಟೋ ಬಡಾವಣೆಗಳಲ್ಲಿ ಅದಕ್ಕೆ ನಿಷೇಧ. ಬಟ್ಟೆ ಕಂಡರೆ ಅಂದ ಕೆಡುತ್ತದಂತೆ. ಬಿಸಿಲಿಗೂ ಅಪ್ಪಣೆ ಬೇಕು!

ರಿಪೇರಿಯವನು ಮನೆಗೆ ಬಂದು ನೋಡುವುದಕ್ಕೇ ಕೇಳಿದ ಹಣದಲ್ಲಿ ಬಿಡಿಭಾಗಗಳೆಲ್ಲ ಬಂದು ಇನ್ನೂ ಮಿಗುತ್ತಿತ್ತು. ಹಿಟ್ಟಿನ ಗಿರಣಿಯವರ ಮಗಳಾಗಿ ಅದನ್ನು ಕೊಡಲು ನನಗೆ ಮನಸ್ಸಾಗಲಿಲ್ಲ. ನಾನೇ ಬಿಚ್ಚಿದೆ.

ನೀವು ಹೇಳಿದ ಬೇರಿಂಗ್ ಇದರ ಡ್ರಮ್ಮಿಗೆ ಇಲ್ಲವೇ ಇಲ್ಲ, ಅಪ್ಪ. ತಗಡಿನ ದೊಡ್ಡ ಡ್ರಮ್ಮು ಹಿಂಬದಿಯಲ್ಲಿ ಎರಡು ರಬ್ಬರ್ ಗಾಲಿಗಳ ಮೇಲೆ ಸುಮ್ಮನೆ ಕುಳಿತಿರುತ್ತದೆ. ಮುಂದೆ ಜಾರುವುದಕ್ಕೆ ಪ್ಲಾಸ್ಟಿಕ್ ಪಟ್ಟಿಗಳಿವೆ. ಎರಡು ಮೀಟರಿಗೂ ಉದ್ದವಾದ ತೆಳ್ಳನೆಯ ಬೆಲ್ಟು ಇಡೀ ಡ್ರಮ್ಮನ್ನೇ ಸುತ್ತಿ, ಮೋಟಾರಿನ ತುದಿಯಲ್ಲಿರುವ, ಅಂಗಿಯ ಗುಂಡಿಯಷ್ಟು ಪುಟ್ಟ ಪುಲ್ಲಿಗೆ ಬರುತ್ತದೆ. ಮೋಟಾರು ನಿಮಿಷಕ್ಕೆ 1725 ಸುತ್ತು, ಡ್ರಮ್ಮು ಸುಮಾರು 50. ಪುಲ್ಲಿ ಲೆಕ್ಕ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಲ್ಟು ಸಡಿಲವಾಗದಂತೆ ನಡುವೆ ಇನ್ನೊಂದು ಪುಲ್ಲಿ ಎಳೆದು ಹಿಡಿದಿರುತ್ತದೆ. ಮೋಟಾರಿನ ಇನ್ನೊಂದು ತುದಿಗೆ ಗಾಳಿ ಊದುವ ಚಕ್ರ.

ಬಿಚ್ಚುವ ಮೊದಲು ಸದ್ದನ್ನೇ ಎಣಿಸಿ ನೋಡಿದೆ. ಬೆಲ್ಟಿನ ದೋಷವಾದರೆ ಬಡಿತ ನಿಧಾನವಾಗಿ ಬರಬೇಕು. ಊದುವ ಚಕ್ರದಲ್ಲಿ ನಾಣ್ಯವೋ ಗುಂಡಿಯೋ ಸಿಕ್ಕಿದ್ದರೆ ಬಿಡುವಿಲ್ಲದೆ ಗಲಗಲ ಎನ್ನಬೇಕು. ನಡುವಿನ ಪುಲ್ಲಿ ಸವೆದಿದ್ದರೆ ಕಿರ್ರೆಂದು ಕಿರುಚಬೇಕು. ಇದೋ, ಡ್ರಮ್ಮು ಒಂದು ಸುತ್ತು ಬರುವಷ್ಟರಲ್ಲಿ ಎಂಟೊಂಬತ್ತು ಸಲ ದಡಬಡ ಎನ್ನುತ್ತಿತ್ತು. ಡ್ರಮ್ಮಿನ ಸುತ್ತಳತೆ ಗಾಲಿಯ ಸುತ್ತಳತೆಯ ಅಷ್ಟೇ ಪಟ್ಟು. ಹಾಗಾಗಿ ಗಾಲಿಯ ಮೇಲೆ ಅನುಮಾನ. ಮೊದಮೊದಲು ಚಾಲೂ ಮಾಡಿದ ಐದು ನಿಮಿಷಕ್ಕೆ ಸದ್ದು ಅಡಗುತ್ತಿತ್ತು, ಏಕೆಂದರೆ ನಿಂತ ಭಾರಕ್ಕೆ ಚಪ್ಪಟೆಯಾದ ರಬ್ಬರು ಬಿಸಿಯಾದಾಗ ಮತ್ತೆ ದುಂಡಗಾಗುತ್ತದೆ. ಈಚೆಗೆ ಅಡಗುವುದನ್ನೇ ಬಿಟ್ಟಿತ್ತು.

ಕರೆಂಟಿನ ಭಯ ಬೇಡ. ಇಲ್ಲಿ ಸಾಮಾನ್ಯ ಪ್ಲಗ್ಗಿಗೆ 120 ವೋಲ್ಟ್, ಡ್ರೈಯರಿಗೆ ಮಾತ್ರ 240ರ ಬೇರೆಯೇ ದಪ್ಪ ಪ್ಲಗ್ಗು. ಅದನ್ನು ಗೋಡೆಯಿಂದ ಕಿತ್ತಮೇಲೆಯೇ ಸ್ಕ್ರೂ ಮುಟ್ಟಿದ್ದು. ಮೇಲಿನ ಮುಚ್ಚಳ ಎತ್ತಿ, ಮುಂಬದಿಯ ತಗಡು ಕಳಚಿ, ಬೆಲ್ಟು ಸಡಿಲಿಸಿ, ನಾನೂ ಇವರೂ ಸೇರಿ ಡ್ರಮ್ಮನ್ನು ಹೊರಗೆ ತೆಗೆದೆವು. ಎಡಗಡೆಯ ಗಾಲಿಯನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದರೆ ಸಡಿಲವಾದ ಹಾಲುಹಲ್ಲಿನಂತೆ ಆಡುತ್ತಿತ್ತು. ದುಂಡಗಿರಬೇಕಾದ ನಡುವಿನ ತೂತು ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು, ರಬ್ಬರಿನ ಅಂಚು ಚೂರುಚೂರಾಗಿ ಎದ್ದಿತ್ತು. ಮೂರು ಮೂಲೆಯ ಪುಟ್ಟ ಕ್ಲಿಪ್ಪು ಕಿತ್ತರೆ ಗಾಲಿ ಕೈಗೆ ಬರುತ್ತದೆ. ಒಂದು ಹಾಳಾಗಿದ್ದರೂ ಎರಡನ್ನೂ ಬದಲಿಸಿದೆ. ಬೆಲ್ಟನ್ನೂ ನಡುವಿನ ಪುಲ್ಲಿಯನ್ನೂ ಹೊಸದಾಗಿ ಹಾಕಿದೆ, ಮತ್ತೆ ಇದನ್ನೆಲ್ಲ ಬಿಚ್ಚುವ ತಾಳ್ಮೆ ಯಾರಿಗಿದೆ?

ನೀವಾಗಿದ್ದರೆ ಎಣ್ಣೆ ಬಿಡುತ್ತಿದ್ದಿರಿ, ಗೊತ್ತು. ನಾನು ಬಿಡಲಿಲ್ಲ. ಒಳಗೆಲ್ಲ ಬಟ್ಟೆಯ ಜುಂಗು ಹಾರುತ್ತಿರುತ್ತದೆ, ಎಣ್ಣೆ ಕಂಡಲ್ಲಿ ಅಂಟಿಕೊಂಡು ಗಾಲಿಯನ್ನೇ ಹಿಡಿದುಬಿಡುತ್ತದೆ. ಗಾಲಿಗಳು ಕೂರುವ ಕಡ್ಡಿಗಳನ್ನು ಒಣಬಟ್ಟೆಯಿಂದ ಒರೆಸಿದೆ, ಅಷ್ಟೆ. ನನಗೆ ದಿಗಿಲಾದದ್ದು ಸದ್ದಿಗಿಂತ ಈ ಜುಂಗಿನಿಂದ. ಡ್ರಮ್ಮಿನ ಹಿಂದೆ, ಮೋಟಾರಿನ ಸುತ್ತ ಮುಷ್ಟಿಗಟ್ಟಲೆ ಕೂತಿತ್ತು. ಹೀಟರ್ ಕೆಂಪಗಾಗುವ ಜಾಗದ ಬಳಿ ಇದು ಬೆಂಕಿಗೆ ಕರೆಯೋಲೆ. ಗಿರಣಿಯಲ್ಲಿ ಹಿಟ್ಟಿನ ಧೂಳು ಹಾರುವಾಗ ಯಾರಾದರೂ ಬೀಡಿ ಹಚ್ಚಿದರೆ ನೀವು ಹೌಹಾರುತ್ತಿದ್ದ ಕಾರಣ ಈಗ ಅರ್ಥವಾಗುತ್ತದೆ. ಹೊರಗೋಡೆಗೆ ಹೋಗುವ ಕೊಳವೆಯ ಜುಂಗನ್ನೂ ಬ್ರಷ್ ಹಾಕಿ ಬಳಿದು ತೆಗೆದೆವು. ಜೋಡಿಸಿದ ಮೇಲೆ ಇವರು ಡ್ರಮ್ಮನ್ನು ಕೈಯಲ್ಲೇ ತಿರುಗಿಸಿದರು, ಬೆಲ್ಟು ನೆಟ್ಟಗಿದೆಯೇ ಎಂದು ನಾನು ಟಾರ್ಚ್ ಹಿಡಿದು ನೋಡಿದೆ. ಆಮೇಲೆ ಖಾಲಿ ಓಡಿಸಿದೆವು, ಗಡಗಡ ನಿಂತಿತ್ತು. ಬಟ್ಟೆ ಬೇಗ ಒಣಗುತ್ತಿರುವುದು ಕೊಳವೆ ಬಳಿದದ್ದರ ಲಾಭ.

ನಿಮ್ಮ ಗಿರಣಿಯ ಬೆಲ್ಟಿಗೆ ಇನ್ನೂ ಜೋಡಣೆ ಹಾಕಿಯೇ ಓಡಿಸುತ್ತಿದ್ದೀರಿ ಎಂದು ತಮ್ಮ ಹೇಳಿದ. ದಯವಿಟ್ಟು ಹೊಸದು ಹಾಕಿಸಿ, ಹಣ ಈ ವಾರವೇ ಕಳಿಸುತ್ತೇನೆ. ಬೀಸುವ ಕಲ್ಲು ಕಡಿಸುವ ಖರ್ಚನ್ನೂ ಸೇರಿಸಿ ಹೇಳಿ, ನಾಚಿಕೆ ಬೇಡ. ಅವ್ವನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ. ಬೆಟಗೇರಿಯ ಅತ್ತೆಗೆ ಫೋನ್ ಮಾಡುತ್ತೇನೆಂದು ತಿಳಿಸಿ.

ಇಂತಿ,
ನಿಮ್ಮ ಮಗಳು